ಎರಡು ಸಾವಿರದ ಆಸುಪಾಸಿನ ಸ್ಪೈಕ್ ಶೂ: ತುಮಕೂರಿನ ಮಣ್ಣಿಗೆ ಸಾಕೇ?

ಹೋಬಳಿ ಮಟ್ಟದಲ್ಲಿ ಗೆದ್ದ ಮಗುವಿಗೆ ತಾಲ್ಲೂಕು ಮಟ್ಟದ ಹೊತ್ತಿಗೆ ಸ್ಪೈಕ್ ಶೂ ಬೇಕೆಂದು ಪಿ.ಟಿ. ಮೇಷ್ಟ್ರು ಹೇಳಿ ಕಳಿಸುತ್ತಾರೆ. ತುಮಕೂರಿನ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿ ಆಗ ಮೊದಲು ಕೈಗೆ ಬರುವುದು 1,500ರಿಂದ 2,500 ರೂಪಾಯಿಯ ದೇಶಿ ಜೋಡಿ. ಮೇಲೆ ಜಾಳಿಗೆ ಬಟ್ಟೆ, ಮುಂಗಾಲಿನ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಪ್ಲೇಟ್, ಅದರಲ್ಲಿ ಆರೋ ಏಳೋ ಮುಳ್ಳು, ಡಬ್ಬಿಯೊಳಗೆ ಮುಳ್ಳು ಬಿಚ್ಚಿ ಹಾಕಲು ಒಂದು ಪುಟ್ಟ ಕೀ. ಈ ವಿಮರ್ಶೆ ಆ ದರ್ಜೆಯ ಶೂಗಳದ್ದು. ಜಿಲ್ಲಾ ಮಟ್ಟದವರೆಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಡಬ್ಬಿಯಿಂದ ತೆಗೆದು ನೇರ ಓಡಿಸಿದರೆ ಅರ್ಧ ದುಡ್ಡು ಮಣ್ಣುಪಾಲು.

ಮೊದಲ ತಕರಾರು ಮುಳ್ಳಿನದು. 'ಮಣ್ಣಿನ ಟ್ರ್ಯಾಕ್ ಅಂದ್ರೆ ಉದ್ದ ಮುಳ್ಳು ಹಾಕಿ' ಎನ್ನುವುದು ಅಂಗಡಿಯ ಸಿದ್ಧ ಉತ್ತರ. ಅದು ಅರ್ಧ ಸತ್ಯ. ನಮ್ಮ ಕಡೆಯ ಬಹುತೇಕ ಶಾಲಾ ಮೈದಾನಗಳು ಗರಸು ಬೆರೆತ ಕೆಂಪು ನೆಲ. ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಕಲ್ಲಿನಂತಾಗುತ್ತದೆ. ಅಂಥ ನೆಲದಲ್ಲಿ 12 ಮಿ.ಮೀ. ಮುಳ್ಳು ಪೂರ್ತಿ ಇಳಿಯುವುದಿಲ್ಲ. ಮಗು ಮುಳ್ಳಿನ ತುದಿಯ ಮೇಲೆ ನಿಂತಂತಾಗಿ ತಿರುವಿನಲ್ಲಿ ಹಿಮ್ಮಡಿ ಹೊಯ್ದಾಡುತ್ತದೆ, ಕಾಲು ಉಳುಕುತ್ತದೆ. ಕೀಯ ತುದಿಯನ್ನು ನೆಲಕ್ಕೆ ಒತ್ತಿ ನೋಡಿ. ಇಳಿಯದಿದ್ದರೆ 6 ಅಥವಾ 7 ಮಿ.ಮೀ., ಸಲೀಸಾಗಿ ಇಳಿದರೆ 9, ರಾತ್ರಿ ಮಳೆ ಬಂದು ನೆಲ ಮೆತ್ತಗಾಗಿದ್ದರೆ ಮಾತ್ರ 12. ಕ್ರೀಡಾಕೂಟಗಳು ನಡೆಯುವುದೇ ಮಳೆಗಾಲದಲ್ಲಿ. ಹಾಗಾಗಿ ಎರಡು ಅಳತೆಯ ಮುಳ್ಳು ಚೀಲದಲ್ಲಿ ಇರಲೇಬೇಕು. ಮಹಾತ್ಮ ಗಾಂಧಿ ಕ್ರೀಡಾಂಗಣದ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಓಡುವುದಿದ್ದರೆ 6 ಮಿ.ಮೀ. ಹಾಕಿ. ಅಂತರರಾಷ್ಟ್ರೀಯ ನಿಯಮ ಅಲ್ಲಿ 9 ಮಿ.ಮೀ.ವರೆಗೆ ಬಿಡುತ್ತದೆ, ಎತ್ತರ ಜಿಗಿತ ಮತ್ತು ಜಾವೆಲಿನ್‌ಗೆ 12. ಆದರೆ ಟ್ರ್ಯಾಕ್ ನೋಡಿಕೊಳ್ಳುವವರು ಅದಕ್ಕಿಂತ ಕಡಿಮೆ ಕೇಳಬಹುದು, ಮೊದಲೇ ವಿಚಾರಿಸಿ.

ಎರಡನೆಯದು ತಿರುಪು. ಈ ದರ್ಜೆಯ ಶೂಗಳಲ್ಲಿ ಮುಳ್ಳು ಕೂರುವ ಲೋಹದ ನಟ್ಟನ್ನು ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿರುತ್ತಾರೆ. ಕೀಗೆ ಜೋರು ಕೊಟ್ಟರೆ ಮುಳ್ಳಿನ ಜೊತೆ ನಟ್ಟೂ ಗಿರಗಿರ ತಿರುಗಲು ಶುರು ಮಾಡುತ್ತದೆ. ಒಮ್ಮೆ ಹಾಗಾದರೆ ಆ ರಂಧ್ರದ ಕತೆ ಮುಗಿಯಿತು, ಮುಳ್ಳು ಹೊರಗೂ ಬರದು, ಬಿಗಿಯಾಗಿಯೂ ಕೂರದು. ಬೆರಳಿನಲ್ಲಿ ಎಷ್ಟು ಹೋಗುತ್ತದೋ ಅಷ್ಟು ತಿರುಗಿಸಿ, ಆಮೇಲೆ ಕೀಯಿಂದ ಕಾಲು ಸುತ್ತು, ಅಷ್ಟೇ. ಮೊದಲ ದಿನದ ಅಭ್ಯಾಸ ಮುಗಿದ ಮೇಲೆ ಇನ್ನೊಮ್ಮೆ ನೋಡಿ, ಒಂದೆರಡು ಸಡಿಲಾಗಿಯೇ ಇರುತ್ತವೆ. ಮುಳ್ಳು ಉದುರಿದ ರಂಧ್ರವನ್ನು ಹಾಗೇ ಬಿಟ್ಟರೆ ಕೆಮ್ಮಣ್ಣು ತುಂಬಿ ಗಾರೆ ಹಾಕಿದಂತೆ ಗಟ್ಟಿಯಾಗುತ್ತದೆ. ಮುಳ್ಳಿಲ್ಲದಿದ್ದರೆ ರಂಧ್ರ ಮುಚ್ಚುವ ಮೊನೆಯಿಲ್ಲದ ತಿರುಪು, ಅಂದರೆ ಡಮ್ಮಿಯನ್ನಾದರೂ ಹಾಕಿ. ಕೂಟ ಮುಗಿದ ಮೇಲೆ ಮುಳ್ಳೆಲ್ಲ ಬಿಚ್ಚಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ತಿರುಪಿಗೆ ಚೂರು ಗ್ರೀಸ್ ಸವರಿಡಿ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಬಿಟ್ಟು ರಾತ್ರಿಯಿಡೀ ಇಡಿ. ಕಟಿಂಗ್ ಪ್ಲೇಯರ್ ಹಾಕಿ ತಿರುಚಿದರೆ ಮುಳ್ಳಿನ ತಲೆ ಸವೆದು ಕೀ ಹಿಡಿಯದಂತಾಗುತ್ತದೆ.

ಅಂಗಡಿಯಲ್ಲಿ ಅಳತೆ ಹೇಳುವಾಗ ನಡೆಯುವ ಎಡವಟ್ಟು ಎಲ್ಲ ಕಡೆಯೂ ಒಂದೇ: 'ಒಂದು ಸೈಜ್ ದೊಡ್ಡದೇ ಕೊಡಿ ಅಣ್ಣ, ಮುಂದಿನ ವರ್ಷಕ್ಕೂ ಆಗ್ಲಿ.' ಯೂನಿಫಾರಂಗೆ ಈ ಲೆಕ್ಕ ಸರಿ, ಸ್ಪೈಕ್‌ಗೆ ಬೇಡ. ದೊಡ್ಡ ಶೂನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಪ್ಲೇಟ್ ಬಾಗುವ ಜಾಗಕ್ಕೂ ಪಾದ ಬಾಗುವ ಜಾಗಕ್ಕೂ ತಾಳೆಯಾಗುವುದಿಲ್ಲ. ಸಂಜೆ ಹೊತ್ತು ಹೋಗಿ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಸಿ ನೋಡಿ. ಉದ್ದನೆಯ ಬೆರಳಿನ ಮುಂದೆ ಅರ್ಧ ಬೆರಳಿನ ಅಗಲ ಜಾಗ ಇದ್ದರೆ ಸಾಕು. ದುಡ್ಡು ಕೊಡುವ ಮೊದಲು ಎರಡೂ ಶೂನ ಎಲ್ಲ ಮುಳ್ಳನ್ನೂ ಅಲ್ಲೇ ಬಿಚ್ಚಿ ಹಾಕಿಸಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ತಿರುಪು ಸರಿಯಿಲ್ಲದ ರಂಧ್ರ ಸಿಕ್ಕಿಬೀಳುವುದು ಅಲ್ಲೇ.

ಈ ಶೂಗಳ ನಿಜವಾದ ದೌರ್ಬಲ್ಯ ಅಂಟು. ಒದ್ದೆ ಮಣ್ಣಲ್ಲಿ ನಾಲ್ಕು ಸಲ ಓಡಿ, ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮುಂಭಾಗ ಬಾಯಿ ಬಿಡುತ್ತದೆ. ಬಿಸಿಲಿಗಿಟ್ಟರೆ ಇನ್ನೂ ಬೇಗ. ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗೆ ಒಣಗಿಸಬೇಕು. ಬಾಯಿ ಬಿಡುವ ಸೂಚನೆ ಕಂಡ ಕೂಡಲೇ ಚಮ್ಮಾರರ ಹತ್ತಿರ ಸೊಲ್ಯೂಷನ್ ಹಾಕಿಸಿ, ತುದಿಗೆ ಹೊಲಿಗೆ ಹಾಕಿಸಿದರೆ ಒಂದು ಸೀಸನ್ ಎಳೆಯಬಹುದು. ಹೊಸದರಲ್ಲೇ ತುದಿ ಹೊಲಿಸುವವರೂ ಇದ್ದಾರೆ. ಜಾಣತನವೇ, ಆದರೆ ಬದಲಾಯಿಸಿ ಕೊಡುವ ಮಾತನ್ನು ಅಂಗಡಿಯವರು ಆಮೇಲೆ ಒಪ್ಪುವುದಿಲ್ಲ.

100, 200 ಮೀಟರ್‌ಗೆ ಮತ್ತು ಉದ್ದ ಜಿಗಿತಕ್ಕೆ ಒಂದೇ ಜೋಡಿ ಸಾಕು. 600, 800 ಓಡುವವರಿಗೆ ಹಿಮ್ಮಡಿಯ ಕೆಳಗೆ ಮೆತ್ತೆ ಇರುವುದನ್ನೇ ಹುಡುಕಿ, ಈ ದರದಲ್ಲಿ ಅದು ಅಪರೂಪ. ಗುಂಡು, ಡಿಸ್ಕಸ್ ಎಸೆಯುವ ಮಗುವಿಗೆ ಸ್ಪೈಕ್ ಬೇಡವೇ ಬೇಡ. ಸಿಮೆಂಟ್ ವೃತ್ತದಲ್ಲಿ ನುಣ್ಣನೆ ತಳದ ಶೂ ಬೇಕು.

ಕೊಳ್ಳುವುದಾದರೆ ಕೂಟಕ್ಕೆ ಮೂರ್ನಾಲ್ಕು ವಾರ ಮೊದಲೇ ಕೊಳ್ಳಿ. ಹಿಮ್ಮಡಿ ತಗ್ಗಿರುವ ಶೂ ಇದು, ಅಭ್ಯಾಸವಿಲ್ಲದ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊದಲ ವಾರ ಅಭ್ಯಾಸದ ಕೊನೆಗೆ 60 ಮೀಟರ್‌ನ ನಾಲ್ಕೈದು ಓಟ, ಎರಡನೇ ವಾರ ಸ್ಟಾರ್ಟ್, ಆಮೇಲೆ ಪೂರ್ತಿ ದೂರ. ತಾಲ್ಲೂಕು ಕೂಟದ ಹಿಂದಿನ ಸಂಜೆ ತಂದು ಬೆಳಿಗ್ಗೆ ಹಾಕಿಸುವುದಕ್ಕಿಂತ ಬರಿಗಾಲಲ್ಲಿ ಓಡಿಸುವುದೇ ವಾಸಿ. ಮೆಟ್ಟಿಲು, ಕಾಂಕ್ರೀಟ್ ಮೇಲೆ ನಡೆದರೆ ಮುಳ್ಳು ಮೊಂಡಾಗುತ್ತದೆ, ಪ್ಲೇಟ್ ಸೀಳುತ್ತದೆ. ಹೆಸರು ಕೂಗುವವರೆಗೆ ಚಪ್ಪಲಿಯೇ ಇರಲಿ, ಸ್ಪೈಕ್ ಕೈಯಲ್ಲಿರಲಿ, ಮುಳ್ಳಿಗೆ ಮುಳ್ಳು ಎದುರಾಗಿ.

ಐದು ಸಾವಿರ ದಾಟಿದ ವಿದೇಶಿ ಜೋಡಿ ಹಗುರ, ಅಂಟೂ ಗಟ್ಟಿ. ಆದರೆ ಬೆಳೆಯುವ ಕಾಲಿಗೆ ಅದೂ ಒಂದೇ ವರ್ಷ, ಗರಸಿನಲ್ಲಿ ಅದೂ ಅಷ್ಟೇ ಸವೆಯುತ್ತದೆ. ಆ ದುಡ್ಡಲ್ಲಿ ಅಗ್ಗದ ಜೋಡಿ, ಎರಡು ಅಳತೆಯ ಮುಳ್ಳು, ಒಂದು ಒಳ್ಳೆಯ ಅಭ್ಯಾಸದ ಶೂ ಬರುತ್ತದೆ. ಡಬ್ಬಿಯಲ್ಲಿರುವ ಕೀ ಮಾತ್ರ ಎರಡು ತಿಂಗಳಲ್ಲಿ ಕಳೆದೇ ಹೋಗುತ್ತದೆ. ಇನ್ನೊಂದು ಕೇಳಿ ತನ್ನಿ.