ಕುಡಿತ ಬಿಡಿಸುವ ಮೀಟಿಂಗ್ ಅಂತ ನಂಬಿ ಹೋದೆವು, ಅಲ್ಲಿದ್ದದ್ದೇ ಬೇರೆ

"ಸರಿ, ನಾಳೆ ಒಮ್ಮೆ ಹೋಗಿ ಬರುವ" ಅಂತ ಭಾವ ತಾವಾಗಿಯೇ ಹೇಳಿದ್ದು ಒಂದು ಶನಿವಾರ ರಾತ್ರಿ, ಗಂಜಿ ಬಟ್ಟಲು ಮುಂದಿಟ್ಟುಕೊಂಡು. ಎರಡು ವರ್ಷದಿಂದ ಅಕ್ಕ ಕಾದಿದ್ದು ಇದೇ ಮಾತಿಗೆ. ಅವರ ಮನಸ್ಸು ಬದಲಾಗುವ ಮೊದಲು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂತ ನಾನು ಮೊಬೈಲ್‌ನಲ್ಲಿ "ಎಎ ಮೀಟಿಂಗ್ ಮಂಗಳೂರು" ಅಂತ ಹುಡುಕಿ (ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರೇ ಸೇರಿ ನಡೆಸುವ ಕೂಟ) ಮೇಲೆಯೇ ಕಂಡ ನಂಬರಿಗೆ ಫೋನ್ ಮಾಡಿದೆ. ರಾತ್ರಿ ಹತ್ತಕ್ಕೂ ಒಂದೇ ರಿಂಗಿಗೆ ಎತ್ತಿದರು. "ಸಭೆ ಭಾನುವಾರ ಸಂಜೆ 6ಕ್ಕೆ, ಪೂರ್ತಿ ಉಚಿತ, ಬನ್ನಿ ಬನ್ನಿ." ತುಂಬಾ ಮೆದು ಮಾತು. ನನಗೆ ಆಗಲೇ ಸಂಶಯ ಬರಬೇಕಿತ್ತು, ಬರಲಿಲ್ಲ.

ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್, ಆಮೇಲೆ ರಿಕ್ಷಾ. ಇಲ್ಲಿ ನನ್ನದೂ ಒಂದು ದೊಡ್ಡ ತಪ್ಪಿದೆ, ಹೇಳಿಬಿಡುತ್ತೇನೆ. ವಾಸನೆ ಬರಬಾರದು ಅಂತ "ಭಾವ, ಇವತ್ತು ಒಂದು ದಿನ ಮುಟ್ಟಬೇಡಿ" ಅಂತ ಬೆಳಿಗ್ಗೆಯೇ ಹೇಳಿದ್ದೆ. ದಿನಾ ಬೆಳಿಗ್ಗೆಯಿಂದಲೇ ಕುಡಿಯುವವರು ಅವರು. ಸಂಜೆ ಹೊತ್ತಿಗೆ ಕೈ ಎಷ್ಟು ನಡುಗುತ್ತಿತ್ತು ಅಂದರೆ ಬಸ್ಸಿನ ಟಿಕೆಟ್ ಕಿಸೆಗೆ ಹಾಕಲು ಆಗುತ್ತಿರಲಿಲ್ಲ, ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ ಅಂತ ಆಮೇಲೆ ಡಾಕ್ಟರ್ ಬೈದಾಗಲೇ ಗೊತ್ತಾಯಿತು. ಮೀಟಿಂಗಿನಲ್ಲಿ ಮದ್ದು ಸಿಗುವುದಿಲ್ಲ ಮಾರಾಯ್ರೆ. ಕೈ ನಡುಗುವವರನ್ನು ಮೊದಲು ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೋ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗೋ ಕರೆದುಕೊಂಡು ಹೋಗಿ.

ವಿಳಾಸ ಹುಡುಕಿ ಹೋದರೆ ಅದು ಒಂದು ಎರಡಂತಸ್ತಿನ ಮನೆ. ಮೇಲಿನ ಕಿಟಕಿಗೆಲ್ಲ ಗ್ರಿಲ್, ಗ್ರಿಲ್ಲಿಗೆ ಬೀಗ. ಸಭೆಯೂ ಇಲ್ಲ, ಜನವೂ ಇಲ್ಲ. ಮೇಜಿನ ಹಿಂದೆ ಕೂತವನು ಆಧಾರ್ ಕೇಳಿದ, ಫಾರ್ಮ್ ತುಂಬಿಸಿದ, "ನೋಂದಣಿ" ಅಂತ ₹2,000 ತೆಗೆದುಕೊಂಡ. ಆಮೇಲೆ ಭಾವನ ಮುಖ ಕೂಡ ನೋಡದೆ ನನಗೆ ಹೇಳಿದ, ಇವತ್ತೇ ಬಿಟ್ಟು ಹೋಗಿ, ಮೂರು ತಿಂಗಳು, ₹45,000, ಫೋನೂ ಇಲ್ಲ, ಮನೆಯವರು ನೋಡಲು ಬರುವಂತೆಯೂ ಇಲ್ಲ. ಡಾಕ್ಟರ್ ಯಾರು ಅಂತ ಕೇಳಿದರೆ "ವಾರಕ್ಕೊಮ್ಮೆ ಬರ್ತಾರೆ." ಆ ಕೇಂದ್ರದ ರಿಜಿಸ್ಟ್ರೇಷನ್ ಪತ್ರ ಕೇಳಿದರೆ ಉತ್ತರವೇ ಇಲ್ಲ. (ಚಿಕಿತ್ಸೆಗೆ ಸೇರಿಸಿಕೊಂಡವರಿಗೆ ಫೋನ್ ಮಾಡುವ, ಮನೆಯವರನ್ನು ನೋಡುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ನನಗೂ ಆಗ ಗೊತ್ತಿರಲಿಲ್ಲ.)

ನಾನು ಹಿಂದೆಮುಂದೆ ನೋಡುವುದು ಕಂಡು ಡ್ರಾಯರಿನಿಂದ ಒಂದು ಪೊಟ್ಟಣ ತೆಗೆದ. ಬಿಳಿ ಪುಡಿ. "ಇದನ್ನು ಅವರಿಗೆ ಹೇಳದೆ ಸಾರಿಗೆ ಹಾಕಿ ಕೊಡಿ, ತನ್ನಿಂದ ತಾನೇ ಬಿಡ್ತಾರೆ." ಅವರು ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ! ಇಂಥ ಪುಡಿಯಲ್ಲಿ ಎಂತ ಇರುತ್ತದೆ ಅಂತ ಯಾರು ಹೇಳಬೇಕು? ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಪುಡಿ ಇದ್ದರೆ, ಗೊತ್ತಿಲ್ಲದೆ ಅದರ ಮೇಲೆ ಕುಡಿದವರಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಪ್ರಾಣವೇ ಹೋಗಬಹುದು. ಆ ಮಾತ್ರೆಯನ್ನು ಡಾಕ್ಟರು ಕೊಡುವುದು ರೋಗಿಗೆ ಹೇಳಿ, ಅವರು ಒಪ್ಪಿದ ಮೇಲೆ.

ಭಾವ ಏನೂ ಮಾತಾಡಲಿಲ್ಲ, ಎದ್ದು ಹೊರಗೆ ಹೋದರು. ವಾಪಸ್ ಬರುವಾಗ ಸುರತ್ಕಲ್‌ನಲ್ಲಿ ಬಸ್ ನಿಂತಾಗ ಇಳಿದವರು ಮತ್ತೆ ಹತ್ತಲಿಲ್ಲ. ಮನೆಗೆ ಬಂದದ್ದು ರಾತ್ರಿ ಹನ್ನೊಂದಕ್ಕೆ, ಯಾರೋ ರಿಕ್ಷಾದವರು ಬಿಟ್ಟು ಹೋದರು. ದುಡ್ಡು ಹೋದದ್ದು ಹೋಗಲಿ, ಆಮೇಲೆ ನಾಲ್ಕು ತಿಂಗಳು ಮೀಟಿಂಗ್ ಅಂದರೆ ಸಾಕು, "ಸಾರಿಗೆ ಎಂತ ಹಾಕಿದ್ದಿ?" ಅಂತ ಅಕ್ಕನನ್ನು ಕೇಳುತ್ತಿದ್ದರು. ಅಕ್ಕ ಬಡಿಸಿದ್ದನ್ನು ಅವಳೇ ಮೊದಲು ಒಂದು ತುತ್ತು ತಿಂದು ತೋರಿಸಬೇಕಿತ್ತು.

ನಿಜವಾದ ಎಎ ಮೀಟಿಂಗ್ ಹೇಗಿರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಬಾಗಿಲಿನಿಂದಲೇ ವಾಪಸ್ ಬರುತ್ತಿದ್ದೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಶುರು ಮಾಡಿದ್ದು ಅದು. ಫೀಸಿಲ್ಲ, ಆಧಾರ್ ಇಲ್ಲ, ಫಾರ್ಮ್ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಕೇಳುವುದಿಲ್ಲ. ಕೊನೆಗೆ ಭಾವನನ್ನು ಕರೆದುಕೊಂಡು ಹೋದದ್ದು ಒಂದು ಚರ್ಚ್ ಹಾಲಿಗೆ. ಪ್ಲಾಸ್ಟಿಕ್ ಕುರ್ಚಿ, ಚಾ, ಕೊನೆಗೆ ಒಂದು ಚೀಲ ಸುತ್ತ ಬರುತ್ತದೆ, ಮನಸ್ಸಿದ್ದ ಸದಸ್ಯರು ಹತ್ತಿಪ್ಪತ್ತು ಹಾಕುತ್ತಾರೆ, ಅಷ್ಟೇ. ಅವತ್ತಿನದು ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ ಇರುವ ಕ್ಲೋಸ್ಡ್ ಮೀಟಿಂಗ್, ಹಾಗಾಗಿ ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಮನೆಯವರೂ ಕೂರಬೇಕಾದರೆ ಓಪನ್ ಮೀಟಿಂಗ್ ಯಾವತ್ತು, ಕನ್ನಡವೋ ತುಳುವೋ ಕೊಂಕಣಿಯೋ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಅಕ್ಕನಂಥವರಿಗೆ, ಅಂದರೆ ಕುಡಿಯುವವರ ಮನೆಯವರಿಗೆ, ಅಲ್-ಅನಾನ್ ಅಂತ ಬೇರೆಯೇ ಕೂಟ ಇದೆ.

ನಂಬರ್ ಬೇಕಾದರೆ ಎಎಯವರದೇ ಭಾರತದ ವೆಬ್‌ಸೈಟ್ ನೋಡಿ, ಇಲ್ಲವೇ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮಾಡಿ. ಹುಡುಕಿದಾಗ ಮೊದಲು ಕಂಡದ್ದಕ್ಕೆ ಬೇಡ.

ಹೋದ ವಾರ ಬೇರೆ ಸಿಮ್ಮಿನಿಂದ ಆ ನಂಬರಿಗೆ ಮಾಡಿ ನೋಡಿದೆ. ಒಂದೇ ರಿಂಗು. "ಸಭೆ ಭಾನುವಾರ ಸಂಜೆ 6ಕ್ಕೆ, ಪೂರ್ತಿ ಉಚಿತ, ಬನ್ನಿ ಬನ್ನಿ."