ಅಂಬರ್ ವೈನ್ ಅಂತ ಕಂದು ನೀರು ಕೊಂಡ ಕಥೆ: ಗೋವಾದ ಕಾಣಕೋಣಕ್ಕೆ ಹೊರಡುವ ಮುಂಚೆ ಓದಿ

ಮೊದಲು ಗೊತ್ತಾಗಿದ್ದು ಇರುವೆಗಳಿಗೆ.

ಮೇ ತಿಂಗಳ ಒಂದು ಬೆಳಿಗ್ಗೆ. ಕಾರವಾರದ ನಮ್ಮ ಮನೆಯ ಅಡುಗೆಮನೆ ಗೋಡೆಯ ಮೇಲೆ ಕೆಂಪಿರುವೆಯ ಸಾಲು. ಅದರ ಹಿಂದೆ ಹೋದರೆ ಕಪಾಟಿನೊಳಗಿನ ರಟ್ಟಿನ ಡಬ್ಬ ಸಿಕ್ಕಿತು. ಒಳಗಿದ್ದದ್ದು ನಾನು ಎರಡು ದಿನದ ಹಿಂದೆ ತಂದಿಟ್ಟ ಆರು ಬಾಟಲಿ ಜಾರ್ಜಿಯಾ ವೈನ್. ಒಂದರ ಬಿರಡೆ ಉಗುರಿನಷ್ಟು ಮೇಲೆ ಬಂದು ಹೊದಿಕೆಯನ್ನು ಉಬ್ಬಿಸಿತ್ತು. ಕತ್ತಿನ ಸುತ್ತ ಅಂಟು ಅಂಟು. ಅಲ್ಲಿ ನಮ್ಮ ಇರುವೆಗಳ ಜಾತ್ರೆ ನಡೆದಿತ್ತು.

ಈ ಹುಚ್ಚು ಹತ್ತಿಸಿದ್ದು ಹಡಗಿನಲ್ಲಿ ಕೆಲಸ ಮಾಡುವ ಗೆಳೆಯ. ಕಪ್ಪು ಸಮುದ್ರದ ದಡದಲ್ಲಿರುವ ಜಾರ್ಜಿಯಾ ದೇಶದ ಬಟುಮಿ ಬಂದರಿನಲ್ಲಿ ಈ ವೈನ್ ಕುಡಿದು ಬಂದು ಕಥೆ ಹೇಳಿದ್ದ. ಅಲ್ಲಿ ಮೊಟ್ಟೆಯಾಕಾರದ ದೊಡ್ಡ ಮಣ್ಣಿನ ಹಂಡೆಯನ್ನು ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರಂತೆ. ಹೆಸರು ಕ್ವೆವ್ರಿ. ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜದ ಸಮೇತ ತಿಂಗಳುಗಟ್ಟಲೆ ಅದರಲ್ಲೇ ಬಿಡುತ್ತಾರೆ. ಸಿಪ್ಪೆಯಿಂದಲೇ ಜೇನಿನ ಬಣ್ಣ ಬರುತ್ತದೆ. ಅದೇ ಅಂಬರ್ ವೈನ್. 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಆ ನಾಡಿನಲ್ಲಿ ವೈನ್ ಮಾಡಿದ ಗುರುತು ಸುಮಾರು 8,000 ವರ್ಷ ಹಿಂದಕ್ಕೆ ಹೋಗುತ್ತದೆ. ಇಷ್ಟು ಕೇಳಿದ ಮೇಲೆ ಸುಮ್ನೆ ಕೂರೋಕೆ ಆಗುತ್ತಾ? ನಮ್ಮ ಬಂಗಡೆ ಹುಮಣದ (ಕಾಯಿ ಅರೆದು ಮಾಡುವ ಮೀನಿನ ಸಾರು) ಜೊತೆ ಅದನ್ನು ಕುಡಿದು ನೋಡಲೇಬೇಕು ಅನ್ನಿಸಿತು.

ಯಾರೋ ಒಂದು ವಾಟ್ಸಾಪ್ ನಂಬರ್ ಕೊಟ್ಟರು. ಗೋವಾದವನು, ‘ಡೈರೆಕ್ಟ್ ಇಂಪೋರ್ಟರ್’ ಅಂತೆ. ಬಾಟಲಿಗೆ 1,300 ರೂಪಾಯಿ, ಹಣ ಮುಂಗಡ. ಕಾಣಕೋಣದ ಬಸ್ ಸ್ಟ್ಯಾಂಡ್ ಹತ್ತಿರ ಮಟಮಟ ಮಧ್ಯಾಹ್ನ ಕಾರಿನ ಡಿಕ್ಕಿಯಿಂದ ಡಬ್ಬ ತೆಗೆದುಕೊಟ್ಟ. ಡಬ್ಬ ಮುಟ್ಟಿದರೆ ಬಿಸಿ. ಅಲ್ಲೇ ವಾಪಸ್ ಕೊಡಬೇಕಿತ್ತು. ಆದರೆ ನಾನು ಲೇಬಲ್ ನೋಡಿ ಮರುಳಾಗಿದ್ದೆ. ಜಾರ್ಜಿಯಾದ ಅಕ್ಷರ ನೋಡಿದ್ದೀರಾ? ಗುಂಡು ಗುಂಡು. ದೂರದಿಂದ ನಮ್ಮದೇ ಕೊಂಬು, ಸುಳಿ ಕಂಡ ಹಾಗಾಗುತ್ತದೆ. ಒಂದು ಅಕ್ಷರವೂ ಅರ್ಥವಾಗಲಿಲ್ಲ ಅನ್ನೋದು ಬೇರೆ ಮಾತು.

ಬಿರಡೆ ಏಳದೆ ಇದ್ದ ಒಂದು ಬಾಟಲಿ ತೆರೆದೆ. ಜೋನಿಬೆಲ್ಲವನ್ನು ನೀರಿಗೆ ಹಾಕಿ ಕದಡಿದ ಬಣ್ಣ. ಕೊಳೆಯೋಕೆ ಬಂದ ಸೇಬಿನ ವಾಸನೆ. ಅವನಿಗೆ ಫೋಟೋ ಕಳಿಸಿದೆ. ‘ಅಂಬರ್ ವೈನ್ ಹಾಗೇ ಇರೋದು ಸರ್, ಮೊದಲ ಸಲ ಕುಡೀತಿದ್ದೀರಾ?’ ಅಂತ ಉತ್ತರ ಬಂತು. ನಾಚಿಕೆಯಾಗಿ ಸುಮ್ಮನಾದೆ. ಈ ಮಾತಿನಲ್ಲೇ ಅವನ ಇಡೀ ವ್ಯಾಪಾರ ನಿಂತಿದೆ ನೋಡಿ. ನಿಜವಾದ ಅಂಬರ್ ವೈನ್‌ನಲ್ಲಿ ಸಿಪ್ಪೆಯ ಒಗರು ಇರುತ್ತದೆ. ಜಾಸ್ತಿ ಕುದಿಸಿದ ಚಹಾದ ಹಾಗೆ ನಾಲಿಗೆ ಹಿಡಿಯುತ್ತದೆ. ನನ್ನ ಲೋಟದಲ್ಲಿದ್ದದ್ದಕ್ಕೆ ಒಗರೂ ಇಲ್ಲ, ಹುಳಿಯೂ ಇಲ್ಲ. ಹಿಂದಿನ ಲೇಬಲ್ ಮೇಲೆ ಭೂತಕನ್ನಡಿ ಹಿಡಿದೆ. ಮೂಲೆಯಲ್ಲಿ ಸಣ್ಣ ಇಂಗ್ಲಿಷ್‌ನಲ್ಲಿ ‘ರ್ಕಾಟ್ಸಿಟೆಲಿ, ಡ್ರೈ ವೈಟ್’ ಅಂತಿತ್ತು. ರ್ಕಾಟ್ಸಿಟೆಲಿ ಅನ್ನೋದು ದ್ರಾಕ್ಷಿಯ ಹೆಸರು. ಕ್ವೆವ್ರಿ ಅನ್ನೋ ಪದ ಎಲ್ಲೂ ಇಲ್ಲ. ಅಂದರೆ ಮಾಮೂಲಿ ಬಿಳಿ ವೈನು. ಏಳು ವರ್ಷ ಹಳೆಯದು, ಬಿಸಿಲಿಗೆ ಬೆಂದು ಕಂದಾಗಿತ್ತು. ವೈನ್‌ಗೆ 30 ಡಿಗ್ರಿ ದಾಟಿದ ಶಾಖವೇ ಜಾಸ್ತಿ. ನಮ್ಮ ಮೇ ತಿಂಗಳಲ್ಲಿ ಮುಚ್ಚಿದ ಕಾರಿನ ಡಿಕ್ಕಿ ಎಷ್ಟು ಕಾಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಬೆಲೆಯ ಲೆಕ್ಕವನ್ನಾದರೂ ಮೊದಲೇ ಹಾಕಬಹುದಿತ್ತು. ಆಗ ಜಾರ್ಜಿಯಾದಂಥ ದೇಶದ ವೈನ್ ಮೇಲೆ ಆಮದು ಸುಂಕ ಶೇ. 150 ಇತ್ತು. ಆಸ್ಟ್ರೇಲಿಯಾದ ದುಬಾರಿ ವೈನ್‌ಗೆ 2022ರ ಕೊನೆಗೆ ಜಾರಿಗೆ ಬಂದ ಒಪ್ಪಂದದಿಂದ ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೇ. ಸುಂಕ ಕಟ್ಟಿಯೂ 1,300ಕ್ಕೆ ಸಿಗಬೇಕಾದರೆ ಬಾಟಲಿ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ 520 ರೂಪಾಯಿಗೆ ಇಲ್ಲಿಗೆ ಬಂದಿರಬೇಕು. ಅದರ ಮೇಲೆ ರಾಜ್ಯದ ತೆರಿಗೆ ಸೊನ್ನೆ, ಅವನ ಲಾಭವೂ ಸೊನ್ನೆ! ವಿದೇಶದಿಂದ ಬರುವ ಪ್ರಯಾಣಿಕರು 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು. ಅದು ಅವರ ಬಳಕೆಗೆ, ಮಾರೋಕಲ್ಲ. ನನ್ನ ಬಾಟಲಿಗಳು ಅಂಥ ಯಾರದೋ ಸೂಟ್‌ಕೇಸಿನಿಂದ ಬಂದವು ಅಂತ ನನ್ನ ಗುಮಾನಿ. ಕಾನೂನು ಪ್ರಕಾರ ಬಂದ ಬಾಟಲಿಯ ಹಿಂದೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರುವ ಚೀಟಿ ಅಂಟಿರುತ್ತದೆ. ನನ್ನ ಆರರಲ್ಲಿ ಒಂದಕ್ಕೂ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ 7,800 ರೂಪಾಯಿ ಹೋಯಿತು ಅಂದುಕೊಳ್ಳುತ್ತಿದ್ದೆ. ಜಗಳ ಮಾಡಿದ್ದಕ್ಕೆ ಅವನು ‘ಬದಲಿ ಕೊಡ್ತೀನಿ, ಬನ್ನಿ’ ಅಂದ. ಭಾವನ ಕಾರು ತೆಗೆದುಕೊಂಡು ಹೋದೆ. ವಾಪಸ್ ಬರುವಾಗ ರಾಜ್ಯದ ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಡಿಕ್ಕಿ ತೆರೆಸಿದರು. ಅವನು ಬಿಲ್ ಅಂತ ಕೊಟ್ಟ ಚೀಟಿ ತೋರಿಸಿದೆ. ಸಿಬ್ಬಂದಿ ಅದನ್ನು ತಿರುಗಿಸಿ ನೋಡಿದರು, ಹಿಂದೆ ಯಾವುದೋ ಹೋಟೆಲಿನ ಊಟದ ಬಿಲ್ ಇತ್ತು. ಪಕ್ಕಾ ಬಿಲ್ ಇದ್ದಿದ್ದರೂ ಬಚಾವಾಗುತ್ತಿರಲಿಲ್ಲ ಅನ್ನಿ. ಬಿಲ್ ಇದ್ದರೆ ಕದ್ದ ಮಾಲಲ್ಲ ಅಂತ ಗೊತ್ತಾಗುತ್ತದೆ, ಕರ್ನಾಟಕಕ್ಕೆ ಅಬಕಾರಿ ಸುಂಕ ಕಟ್ಟಿದ್ದೀರಿ ಅಂತ ಅಲ್ಲ. ಆರು ಬಾಟಲಿ ಹೋಯಿತು, ಕೇಸಾಯಿತು, ಕಾರನ್ನೂ ನಿಲ್ಲಿಸಿಕೊಂಡರು. ಅವರದು ತಪ್ಪಿಲ್ಲ. ಮೊದಲ ಸಲ ಯಾರೂ ಹಿಡಿಯದೆ ಇದ್ದದ್ದೇ ನನ್ನ ದುರದೃಷ್ಟ. ಕಾರು ಬಿಡಿಸೋಕೆ ಅಲೆದ ಭಾವ ಈಗಲೂ ನನ್ನ ಜೊತೆ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾರೆ. ಹೋಮ್‌ಸ್ಟೇ ನಡೆಸುವವರಿಗೆ ಒಂದು ಮಾತು: ಲೈಸೆನ್ಸ್ ಇಲ್ಲದೆ ಅತಿಥಿಗಳಿಗೆ ಇಂಥದ್ದು ಬಡಿಸಿದರೆ ಕಥೆ ಇನ್ನೂ ದೊಡ್ಡದಾಗುತ್ತದೆ.

ಊಟದ ವಿಷಯ ಬಾಕಿ ಇದೆ. ಮೊದಲ ಆರರಲ್ಲಿ ಒಂದು ಕೆಂಪು ವೈನ್ ಚೆನ್ನಾಗೇ ಇತ್ತು. ಸಪೆರಾವಿ ದ್ರಾಕ್ಷಿಯದು. ಅದರ ತಿರುಳೂ ಕೆಂಪು, ಲೋಟದಲ್ಲಿ ಶಾಯಿಯ ಹಾಗೆ ಕಾಣುತ್ತದೆ, ಒಗರೂ ಜೋರು. ಅತ್ತೆ ತಿರ್ಫಳ ಅನ್ನೋ ಮಸಾಲೆಕಾಯಿ ಹಾಕಿ ಮಾಡಿದ ಬಂಗಡೆ ಹುಮಣದ ಜೊತೆ ಕುಡಿದೆ. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಾಯಿತು. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದರೆ ಹಳಸಿದ ಮೀನಿನ ವಾಸನೆ ಏಳುತ್ತದೆ. ಬಂಗಡೆಯಲ್ಲಿ ಎಣ್ಣೆ ಜಾಸ್ತಿ ಅಲ್ವಾ? ಮೇಲಿಂದ ಒಗರು ಖಾರವನ್ನು ಕೆರಳಿಸಿತು. ಅತ್ತೆ ಒಂದು ಗುಟುಕು ಕುಡಿದು, ಲೋಟ ದೂರ ಸರಿಸಿ, ಮುರುಗಲು, ತೆಂಗಿನಹಾಲಿನ ಸೋಲ್ ಕಢಿ ಬಡಿಸಿಕೊಂಡರು.

ಆಮೇಲೆ ಕಾರವಾರದ ಲೈಸೆನ್ಸ್ ಅಂಗಡಿಯಲ್ಲೇ ಚೆನಿನ್ ಬ್ಲಾಂಕ್ ತಂದೆ. ನಮ್ಮ ದೇಶದ್ದೇ ಬಿಳಿ ವೈನು, ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ಚೆನ್ನಾಗಿ ತಣಿಸಿ ಸಿಗಡಿ ಹುರಿದದ್ದರ ಜೊತೆ ಕುಡಿದರೆ ಸಿಹಿ ಖಾರವನ್ನು ತಗ್ಗಿಸುತ್ತದೆ, ಹುಳಿ ಮುರುಗಲಿಗೆ ಸರಿಸಮ ನಿಲ್ಲುತ್ತದೆ. ಅತ್ತೆ ಎರಡನೇ ಸಲ ಲೋಟ ಮುಂದೆ ಮಾಡಿದರು. ಭಾವನನ್ನೂ ಊಟಕ್ಕೆ ಕರೆದಿದ್ದೆ. ಅವರು ಬರಲಿಲ್ಲ.

ಆ ನಂಬರನ್ನು ನಾನಿನ್ನೂ ಅಳಿಸಿಲ್ಲ. ಹೋದ ವಾರ ಅವನ ಸ್ಟೇಟಸ್‌ನಲ್ಲಿ ಫೋಟೋ ಬಂತು. ‘ಫ್ರೆಶ್ ಸ್ಟಾಕ್, ಅಂಬರ್, ಸ್ವಲ್ಪವೇ ಇದೆ.’ ಹನ್ನೆರಡು ಬಾಟಲಿ ಸಾಲಾಗಿ ನಿಂತಿವೆ, ಕಾರಿನ ಬಾನೆಟ್ ಮೇಲೆ. ನೆರಳು ನೋಡಿದರೆ ಮಧ್ಯಾಹ್ನ ಹನ್ನೆರಡರ ಬಿಸಿಲು.