ವಿಂಡೋಸ್ 11 ಟಾಸ್ಕ್‌ಬಾರ್: ಕಿತ್ತುಕೊಂಡಿದ್ದು ಕಂತಿನಲ್ಲಿ ವಾಪಸ್

2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಾಗ ಟಾಸ್ಕ್‌ಬಾರ್, ಅಂದರೆ ಪರದೆಯ ತಳದ ಪಟ್ಟಿಯ ಐಕಾನ್‌ಗಳು ಮಧ್ಯಕ್ಕೆ ಸರಿದದ್ದೇ ದೊಡ್ಡ ಸುದ್ದಿಯಾಯಿತು. ಅದೇನೂ ತೊಂದರೆಯಲ್ಲ, ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್, ಟಾಸ್ಕ್‌ಬಾರ್ ಬಿಹೇವಿಯರ್ಸ್ ಒಳಗೆ 'ಲೆಫ್ಟ್' ಆರಿಸಿದರೆ ಮುಗಿಯಿತು. ಬಳಕೆದಾರರ ನಿಜವಾದ ಸಿಟ್ಟು ಬೇರೆಯದು. ಟಾಸ್ಕ್‌ಬಾರನ್ನು ಹೊಸದಾಗಿ ಬರೆಯುವಾಗ ಹಳೆಯದರ ಎಷ್ಟೋ ಸೌಲಭ್ಯ ಉದುರಿಹೋಗಿತ್ತು.

ಫೈಲ್ ಎಳೆದು ತಂದು ಐಕಾನ್ ಮೇಲೆ ಹಿಡಿದರೆ ಆ ವಿಂಡೋ ಎದುರಿಗೆ ಬರುವ ಅನುಕೂಲ 2022ರ 22ಎಚ್2 ಎಂಬ ಅಪ್‌ಡೇಟ್‌ನಲ್ಲಿ ಮರಳಿತು. ಬಟನ್ ಮೇಲೆ ಫೈಲ್ ಹೆಸರು ಕಾಣಲು 2023ರವರೆಗೆ ಕಾಯಬೇಕಾಯಿತು. ವರ್ಡ್‌ನಲ್ಲಿ ನಾಲ್ಕು ಕಡತ ತೆರೆದು ಕೂತವರಿಗೆ ಇದರ ಬೆಲೆ ಗೊತ್ತು: ಇದ್ದದ್ದೊಂದೇ ಐಕಾನ್, ಅದರ ಮೇಲೆ ಮೌಸ್ ಇಟ್ಟು ಪುಟಾಣಿ ಚಿತ್ರಗಳಲ್ಲಿ ಬೇಕಾದ್ದನ್ನು ಹುಡುಕಬೇಕಿತ್ತು. ಈಗ ಅದೇ ಟಾಸ್ಕ್‌ಬಾರ್ ಬಿಹೇವಿಯರ್ಸ್ ಒಳಗೆ 'ಕಂಬೈನ್ ಟಾಸ್ಕ್‌ಬಾರ್ ಬಟನ್ಸ್' ಎದುರು 'ವೆನ್ ಟಾಸ್ಕ್‌ಬಾರ್ ಈಸ್ ಫುಲ್' ಇಡಿ. 'ನೆವರ್' ಇಟ್ಟರೆ ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಹೆಸರುಗಳು ಕುಗ್ಗಿ, ಜಾಗ ಸಾಲದ ಬಟನ್‌ಗಳು ಮೂರು ಚುಕ್ಕಿಯ ಹಿಂದೆ ಸೇರಿಕೊಳ್ಳುತ್ತವೆ. ಟಾಸ್ಕ್‌ಬಾರನ್ನು ಪರದೆಯ ಪಕ್ಕಕ್ಕೆ ನಿಲ್ಲಿಸುವ ಆಯ್ಕೆ ಮಾತ್ರ 2025 ಕಳೆಯುವ ತನಕ ಬರಲೇ ಇಲ್ಲ. ಅಗಲವಾದ ಮಾನಿಟರ್ ಇದ್ದವರಿಗೆ ಇದು ಶುದ್ಧ ನಷ್ಟ.

ವಿಂಡೋಸ್ 11ರಲ್ಲಿ ಮೊಟಕಾದ ರೈಟ್ ಕ್ಲಿಕ್ ಮೆನುವಿನ ವಿಷಯದಲ್ಲಿ ಮೈಕ್ರೋಸಾಫ್ಟ್ ವಾದದಲ್ಲೂ ಸ್ವಲ್ಪ ನ್ಯಾಯವಿದೆ. ಹಳೆಯ ಪದ್ಧತಿಯಲ್ಲಿ ಮೆನುವಿಗೆ ಸೇರುವ ಪ್ರತಿ ಸಾಫ್ಟ್‌ವೇರ್ ತನ್ನ ಕೋಡನ್ನು ಫೈಲ್ ತೋರಿಸುವ ಎಕ್ಸ್‌ಪ್ಲೋರರ್ ಒಳಗೇ ತೂರಿಸುತ್ತಿತ್ತು. ಒಂದು ತಡವರಿಸಿದರೆ ಇಡೀ ಮೆನುವೇ ತಡ. ಹೊಸ ಪದ್ಧತಿಗೆ ಒಗ್ಗದ ಸಾಫ್ಟ್‌ವೇರ್‌ಗಳನ್ನೆಲ್ಲ 'ಶೋ ಮೋರ್ ಆಪ್ಶನ್ಸ್' ಹಿಂದಕ್ಕೆ ತಳ್ಳಿದರು. ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿದರೆ ಹಳೆಯ ಮೆನು ನೇರವಾಗಿ ಬರುತ್ತದೆ. ಆದರೆ ಕಟ್, ಕಾಪಿ, ಪೇಸ್ಟ್‌ಗಳನ್ನು ಹೆಸರಿಲ್ಲದ ಐಕಾನ್‌ಗಳ ಸಾಲು ಮಾಡಿದ್ದಕ್ಕೆ ಕ್ಷಮೆಯಿಲ್ಲ. ಪರದೆಯ ಕೆಳಭಾಗದಲ್ಲಿ ಕ್ಲಿಕ್ ಮಾಡಿದರೆ ಮೆನು ಮೇಲ್ಮುಖವಾಗಿ ತೆರೆದು ಆ ಸಾಲು ತಳಕ್ಕೆ ಇಳಿಯುತ್ತದೆ, ಕೈಗೆ ಅಭ್ಯಾಸ ಆಗುವುದಾದರೂ ಹೇಗೆ? 2024ರ 24ಎಚ್2 ಅಪ್‌ಡೇಟ್‌ನಲ್ಲಿ ಹೆಸರು ಸೇರಿಸಿದರು, ಸದ್ಯ.

ಸ್ಟಾರ್ಟ್ ಮೆನುವಿನಲ್ಲಿ ಫೈಲ್, ಆ್ಯಪ್ ಸೂಚಿಸುವ 'ರೆಕಮೆಂಡೆಡ್' ಭಾಗದ ಕಾಟ ತಪ್ಪಿಸಲು ಇತ್ತೀಚಿನ ಫೈಲ್ ತೋರಿಸುವ ಸ್ವಿಚ್ ಆಫ್ ಮಾಡುವ ಮುನ್ನ ಒಂದು ಕ್ಷಣ ನಿಲ್ಲಿ. ಅದರ ಜತೆಗೇ ಎಕ್ಸ್‌ಪ್ಲೋರರ್‌ನ ಇತ್ತೀಚಿನ ಫೈಲ್‌ಗಳೂ, ಟಾಸ್ಕ್‌ಬಾರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರುವ ಕಡತಗಳ ಪಟ್ಟಿಯೂ ಮಾಯ. ಮೊದಲ ವಿನ್ಯಾಸದ ಸ್ಟಾರ್ಟ್ ಮೆನು ಇನ್ನೂ ಇದ್ದರೆ 'ಮೋರ್ ಪಿನ್ಸ್' ಆರಿಸಿ. ರೆಕಮೆಂಡೆಡ್ ಒಂದೇ ಸಾಲಿಗೆ ಇಳಿಯುತ್ತದೆ, ಪಟ್ಟಿ ಉಳಿಯುತ್ತದೆ.